ಎ ಪ್ಲಸ್ ಪ್ಲಸ್ ಕಾಲೇಜಾ, ಊರಿನ ಸರಕಾರಿ ಕಾಲೇಜಾ? ಬದಿಯಡ್ಕದ ತಂದೆಯೊಬ್ಬರಿಗೆ ಉತ್ತರ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರದವ್ರು, ಅಡಿಕೆ ಕೃಷಿ. ಮಗಳು ಹತ್ತನೇ ವರೆಗೆ ಕನ್ನಡ ಮೀಡಿಯಂ, ಪ್ಲಸ್ ಟು ಸಯನ್ಸ್ ಈಗ ಮುಗೀತು, ಮಾರ್ಕು ಒಳ್ಳೇದುಂಟು. ಬಿಎಸ್ಸಿ ಕೆಮಿಸ್ಟ್ರಿ ಮಾಡ್ಬೇಕು ಅಂತಾಳೆ. ಕಾಸರಗೋಡು ಸರಕಾರಿ ಕಾಲೇಜಲ್ಲಿ ಸೀಟು ಸಿಗುವ ಚಾನ್ಸ್ ಉಂಟು. ಮಂಗಳೂರಿನ ಒಂದು ಖಾಸಗಿ ಕಾಲೇಜಿನವ್ರು ನಮ್ದು ನ್ಯಾಕ್ ಎ ಪ್ಲಸ್ ಪ್ಲಸ್, ಪ್ಲೇಸ್‌ಮೆಂಟ್ ನೂರಕ್ಕೆ ನೂರು ಅಂತ ಫೋನ್ ಮೇಲೆ ಫೋನ್ ಮಾಡ್ತಾ ಇದ್ದಾರೆ, ಮೂರು ದಿನದೊಳಗೆ ಅಡ್ವಾನ್ಸ್ ಕಟ್ಟಿ ಅಂತ. ಕೇರಳದಲ್ಲಿ ಡಿಗ್ರಿ ನಾಲ್ಕು ವರ್ಷ ಆಗಿದೆಯಂತೆ, ಅಲ್ಲಿ ಮೂರೇ ಅಂತೆ. ಒಂದು ಡಿಗ್ರಿ ಕೋರ್ಸು ಒಳ್ಳೇದಾ ಅಲ್ವಾ ಅಂತ ನಮ್ಮಂಥವ್ರು ತಿಳ್ಕೊಳ್ಳುವುದು ಹೇಗೆ ಸಾರ್?

ಉತ್ತರ: ನಿಮ್ಮ ಪ್ರಶ್ನೆ ಓದುವಾಗ ನಂಗೆ ಮೊದ್ಲು ಕಣ್ಣಿಗೆ ಬಿದ್ದದ್ದು ಆ ಮೂರು ದಿನ. ಅಡಿಕೆ ಮಾರ್ಲಿಕ್ಕೆ ಹೋದಾಗ ಅಂಗಡಿಯವ ಈಗ್ಲೇ ಕೊಟ್ರೆ ಈ ರೇಟು, ನಾಳೆ ಆದ್ರೆ ಇಲ್ಲ ಅಂದ್ರೆ ನೀವೆಂತ ಮಾಡ್ತೀರಿ, ಗೋಣಿ ವಾಪಸ್ ಜೀಪಿಗೆ ಹಾಕ್ತೀರಿ ಅಲ್ವಾ. ಇಲ್ಲಿಯೂ ಅಷ್ಟೇ. ಅಡ್ವಾನ್ಸಿಗೊಂದು ರೂಲ್ ಉಂಟು, ಅದನ್ನು ಕಡೆಗೆ ಹೇಳ್ತೇನೆ.

ನಾನು ತುಂಬ ವರ್ಷ ಕೆಮಿಸ್ಟ್ರಿ ಪಾಠ ಮಾಡಿದವ, ಅದ್ರಲ್ಲಿ ಕೆಲವು ವರ್ಷ ಐಕ್ಯೂಎಸಿ ಕೆಲಸವೂ ತಲೆಗೆ ಬಿದ್ದಿತ್ತು. ಐಕ್ಯೂಎಸಿ ಅಂದ್ರೆ ಗುಣಮಟ್ಟ ನೋಡ್ಕೊಳ್ಳುವ ಕಾಲೇಜಿನ ಒಳಗಿನ ಸಮಿತಿ, ನ್ಯಾಕ್‌ಗೆ ಹೋಗುವ ಕಾಗದಪತ್ರ ಎಲ್ಲ ರೆಡಿ ಆಗುವುದು ಅಲ್ಲಿ. ಹಾಗಾಗಿ ಗೇಟಿನ ಮೇಲಿನ ಆ ಬೋರ್ಡಿನ ಹಿಂದೆ ಎಂತ ಉಂಟು ಎಂತ ಇಲ್ಲ ಅಂತ ಸ್ವಲ್ಪ ಗೊತ್ತು.

ನ್ಯಾಕ್ ಅಂದ್ರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ, 1994ರಲ್ಲಿ ಯುಜಿಸಿ (ಯೂನಿವರ್ಸಿಟಿಗಳನ್ನು ನೋಡ್ಕೊಳ್ಳುವ ಕೇಂದ್ರದ ಆಯೋಗ) ಶುರು ಮಾಡಿದ್ದು, ಆಫೀಸು ಬೆಂಗಳೂರಲ್ಲಿ. ಏಳು ವಿಭಾಗದಲ್ಲಿ ಮಾರ್ಕು ಹಾಕಿ ನಾಲ್ಕರಲ್ಲಿ ಇಷ್ಟು ಅಂತ ಒಂದು ಸಿಜಿಪಿಎ ಕೊಡ್ತಾರೆ, 3.51ರಿಂದ ಮೇಲೆ ಬಂದ್ರೆ ಎ ಪ್ಲಸ್ ಪ್ಲಸ್, 3.26ರಿಂದ 3.50 ಎ ಪ್ಲಸ್, 3.01ರಿಂದ 3.25 ಬರೀ ಎ, ಹಾಗೆ ಇಳಿತಾ ಹೋಗ್ತದೆ. ಸಾಧಾರಣ ಐದು ವರ್ಷಕ್ಕೆ ಆ ಗ್ರೇಡು. ಆದ್ರೆ ಗ್ರೇಡು ಸಿಗುವುದು ಇಡೀ ಕಾಲೇಜಿಗೆ, ನಿಮ್ಮ ಮಗಳು ಸೇರುವ ಕೋರ್ಸಿಗೆ ಅಲ್ಲ. ಕಾಮರ್ಸ್ ಡಿಪಾರ್ಟ್‌ಮೆಂಟು ಭರ್ಜರಿ ಇದ್ದು ಕೆಮಿಸ್ಟ್ರಿಯಲ್ಲಿ ಎರಡೇ ಜನ ಟೀಚರ್ ಇದ್ರೂ ಬೋರ್ಡಲ್ಲಿ ಅದೇ ಎ ಪ್ಲಸ್ ಪ್ಲಸ್. ಆ ಏಳರಲ್ಲಿ ಪಾಠ, ಪರೀಕ್ಷೆಯೂ ಉಂಟು, ಆಡಳಿತ, ಕಟ್ಟಡ, ಹಸಿರು ಕ್ಯಾಂಪಸ್ಸು, ಸಮಾಜಸೇವೆ ಎಲ್ಲವೂ ಉಂಟು. ಒಂದು ಕಾಲೇಜಲ್ಲಿ ನಾನೇ ಕಣ್ಣಾರೆ ನೋಡಿದ್ದು ಹೇಳ್ತೇನೆ, ಹೆಸರು ಬೇಡ. ನ್ಯಾಕ್ ಟೀಮ್ ಬರ್ಲಿಕ್ಕೆ ಒಂದು ವಾರ ಉಂಟು ಅನ್ನುವಾಗ ಗೋಡೆಗೆಲ್ಲ ಪೇಂಟ್, ಹೂಕುಂಡ ಬಾಡಿಗೆಗೆ. ನಮ್ಮ ಲ್ಯಾಬಿನ ಡಿಸ್ಟಿಲ್ಡ್ ವಾಟರ್ ಯೂನಿಟ್ ಎರಡು ವರ್ಷದಿಂದ ಕೆಟ್ಟು ಕೂತಿತ್ತು, ಅದನ್ನು ರಿಪೇರಿ ಮಾಡ್ಸಿ ಅಂತ ನಾನು ಬರ್ದು ಕೊಟ್ಟದ್ದೆಷ್ಟು ಸಲವೋ, ಕಡೆಗೆ ಮಾಡಿದ್ದೆಂತ ಅಂದ್ರೆ ಅದರ ಮೇಲೊಂದು ಚಂದದ ಬಟ್ಟೆ ಹಾಸಿ ಬಾಡಿಗೆ ಹೂಕುಂಡ ಇಟ್ರು. ಗ್ರೇಡು ಒಳ್ಳೇದೇ ಬಂತು. 2025ರ ಫೆಬ್ರವರಿಯಲ್ಲಂತೂ ನ್ಯಾಕ್ ಪರಿಶೀಲನೆಗೆ ಹೋದ ಸಮಿತಿಯವರನ್ನೇ ಲಂಚದ ಆರೋಪದಲ್ಲಿ ಸಿಬಿಐ ಅರೆಸ್ಟ್ ಮಾಡಿದ ಸುದ್ದಿ ಪೇಪರಲ್ಲಿ ನೀವೂ ಓದಿರ್ಬಹುದು. ಗ್ರೇಡೇ ಬೇಡ, ಅಕ್ರೆಡಿಟೆಡ್ ಹೌದು ಅಥವಾ ಅಲ್ಲ ಅಂತ ಎರಡೇ ಇಡುವ ಅಂತ 2024ರಲ್ಲೇ ನ್ಯಾಕ್‌ನವ್ರೇ ಹೇಳಿದ್ದಾರೆ.

ಹಾಗಂತ ನ್ಯಾಕ್ ಸುಳ್ಳು ಅಂತ ನಾನು ಹೇಳುವುದಲ್ಲ. ಗ್ರೇಡಿನ ಜೊತೆಗೆ ಪೀರ್ ಟೀಮ್ ರಿಪೋರ್ಟ್ ಅಂತ ಒಂದು ಬರ್ತದೆ, ಕಾಲೇಜು ನೋಡ್ಲಿಕ್ಕೆ ಬಂದ ಟೀಮಿನವ್ರು ಬರ್ದದ್ದು, ಹೆಚ್ಚಿನ ಕಾಲೇಜಿನ ವೆಬ್‌ಸೈಟಲ್ಲಿ ಐಕ್ಯೂಎಸಿ ಅನ್ನುವ ಜಾಗದಲ್ಲಿ ಸಿಗ್ತದೆ. ಅದ್ರ ಮೊದಲ ಪುಟಗಳಲ್ಲಿ ಬರೀ ಹೊಗಳಿಕೆ, ಅದನ್ನು ಬಿಡಿ, ಕೊನೆಗೆ ಹೋಗಿ. ಅಲ್ಲಿ ಕಾಲೇಜಿನ ದೌರ್ಬಲ್ಯ ಎಂತ, ಎಂತ ಸರಿ ಮಾಡ್ಬೇಕು ಅಂತ ನಾಲ್ಕೈದು ಸಾಲು ಇರ್ತದೆ. ಪರ್ಮನೆಂಟ್ ಟೀಚರ್ ಪೋಸ್ಟ್ ತುಂಬ್ಸಿ, ಲ್ಯಾಬ್ ಸುಧಾರಿಸಿ ಅಂತ ಇದ್ರೆ ಅಲ್ಲೇ ನಿಮ್ಗೆ ವಿಷಯ ಗೊತ್ತಾಯ್ತಲ್ಲ.

ಇನ್ನೊಂದು ಕಾಗದ ಉಂಟು, ಜನ ಅದನ್ನು ನೋಡುವುದೇ ಇಲ್ಲ. 2016ರಿಂದ ಕೇಂದ್ರದವ್ರು ಎನ್‌ಐಆರ್‌ಎಫ್ ಅಂತ ರ‍್ಯಾಂಕಿಂಗ್ ಹಾಕ್ತಾರೆ (ಕೇರಳದವ್ರು 2024ರ ಡಿಸೆಂಬರಲ್ಲಿ ಕೆಐಆರ್‌ಎಫ್ ಅಂತ ಸ್ವಂತದ್ದೂ ಒಂದು ತೆಗ್ದ್ರು). ರ‍್ಯಾಂಕು ಎಷ್ಟಂತ ನೋಡ್ಲಿಕ್ಕೆ ಹೋಗ್ಬೇಡಿ, ಅದಕ್ಕಾಗಿ ಕಾಲೇಜಿನವ್ರೇ ತುಂಬಿ ಕೊಟ್ಟ ಶೀಟು ಪಿಡಿಎಫ್ ಆಗಿ ಅವರ ವೆಬ್‌ಸೈಟಲ್ಲೇ ಇರ್ತದೆ, ಅದನ್ನು ಮಗಳ ಹತ್ರ ಡೌನ್‌ಲೋಡ್ ಮಾಡ್ಲಿಕ್ಕೆ ಹೇಳಿ. ಅದ್ರಲ್ಲಿ ಮಂಜೂರಾದ ಸೀಟು ಎಷ್ಟು, ಸೇರಿದವ್ರು ಎಷ್ಟು, ಸರಿಯಾದ ಟೈಮಿಗೆ ಪಾಸಾಗಿ ಹೊರಗೆ ಬಂದವ್ರು ಎಷ್ಟು, ಕೆಲಸ ಸಿಕ್ಕಿದವ್ರು ಎಷ್ಟು, ಅವರ ಮೀಡಿಯನ್ ಸಂಬಳ ಎಷ್ಟು, ಮುಂದೆ ಓದ್ಲಿಕ್ಕೆ ಹೋದವ್ರು ಎಷ್ಟು ಅಂತ ಉಂಟು. ಮೀಡಿಯನ್ ಅಂದ್ರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಸಿದ್ರೆ ಸರೀ ನಡುವಿನವನ ಸಂಬಳ, ಫ್ಲೆಕ್ಸಲ್ಲಿ ಫೋಟೋ ಹಾಕ್ತಾರಲ್ಲ ಆ ಒಬ್ಬನದ್ದಲ್ಲ. ಸುಮ್ಮನೆ ಲೆಕ್ಕಕ್ಕೆ ಹೇಳುವುದಾದ್ರೆ, 400 ಜನ ಸೇರಿ 270 ಜನ ಟೈಮಿಗೆ ಪಾಸಾಗಿ, ಅದ್ರಲ್ಲಿ 60 ಜನ ಪ್ಲೇಸ್‌ಮೆಂಟಿಗೆ ಹೆಸ್ರು ಕೊಟ್ಟು 60 ಜನಕ್ಕೂ ಕೆಲಸ ಸಿಕ್ಕಿದ್ರೆ ಅದೂ ನೂರಕ್ಕೆ ನೂರೇ ಮಾರಾಯ್ರೆ. ನಿಮ್ಗೆ ಬೇಕಾದ್ದು 400ರ ಲೆಕ್ಕ. ಫೋನ್ ಮಾಡುವವರ ಹತ್ರ ಒಂದೇ ಮಾತು ಕೇಳಿ, ನೂರಕ್ಕೆ ನೂರು ಅಂದ್ರೆ ಯಾವ ನೂರು ಅಂತ.

ಈ ಶೀಟಲ್ಲೂ ಒಂದು ತೊಂದ್ರೆ ಉಂಟು, ಮೂರು ವರ್ಷದ ಡಿಗ್ರಿ ಅಂತ ಎಲ್ಲ ಕೋರ್ಸನ್ನು ಒಟ್ಟಿಗೆ ಹಾಕಿರ್ತಾರೆ, ಕೆಮಿಸ್ಟ್ರಿಯದ್ದು ಬೇರೆ ಗೊತ್ತಾಗುವುದಿಲ್ಲ. ಅದಕ್ಕೆ ಡಿಪಾರ್ಟ್‌ಮೆಂಟಿಗೇ ಹೋಗ್ಬೇಕು. ಹೋಗುವ ಮೊದ್ಲು ಒಂದು ವಿಷಯ ತಿಳ್ಕೊಳ್ಳಿ, ಇದು ನಮ್ಮ ಈಚೆ ಆಚೆ ಎರಡು ರಾಜ್ಯದಲ್ಲೂ ನಡೀತದೆ, ಒಂದೇ ಕಾಲೇಜಲ್ಲಿ ಕೆಲವು ಕೋರ್ಸು ಏಯ್ಡೆಡ್, ಕೆಲವು ಅನ್‌ಏಯ್ಡೆಡ್ ಅಂದ್ರೆ ಸೆಲ್ಫ್ ಫೈನಾನ್ಸಿಂಗ್. ಏಯ್ಡೆಡ್‌ನವ್ರಿಗೆ ಸರಕಾರದ ಸಂಬಳ, ಹಾಗಾಗಿ ನೆಟ್ ಅನ್ನುವ ಕಾಲೇಜು ಟೀಚರ್ ಅರ್ಹತಾ ಪರೀಕ್ಷೆ ಪಾಸಾದವ್ರು, ಪಿಎಚ್‌ಡಿ ಆದವ್ರು ಬಂದು ಅಲ್ಲೇ ಉಳೀತಾರೆ. ಪಕ್ಕದ ಕ್ಲಾಸಿನ ಅನ್‌ಏಯ್ಡೆಡ್ ಕೋರ್ಸಿಗೆ ಕಾಲೇಜೇ ಸಂಬಳ ಕೊಡ್ಬೇಕು, ಕಡಿಮೆ ಕೊಟ್ರೆ ಟೀಚರ್ ವರ್ಷಕ್ಕೊಬ್ರು ಬದಲಾಗ್ತಾರೆ. ಗೇಟು ಒಂದೇ, ಗ್ರೇಡು ಒಂದೇ, ಯೂನಿಫಾರ್ಮೂ ಒಂದೇ. ಹಾಗಾಗಿ ಮಂಗಳೂರಿನವರ ಹತ್ರ ಮೊದ್ಲು ಕೇಳ್ಬೇಕಾದ್ದು ಈ ಕೆಮಿಸ್ಟ್ರಿ ಏಯ್ಡೆಡಾ ಅಲ್ವಾ ಅಂತ. ಅಲ್ಲ ಅಂದ ಕೂಡ್ಲೇ ಬೇಡ ಅಂತ ಅಲ್ಲ, ಈಗಿನ ಟೀಚರ್‌ಗಳಲ್ಲಿ ಮೂರು ವರ್ಷದ ಹಿಂದೆಯೂ ಇದ್ದವ್ರು ಎಷ್ಟು ಜನ ಅಂತ ಅದ್ರ ಹಿಂದೆಯೇ ಕೇಳಿ.

ಸರಕಾರಿ ಕಾಲೇಜಿಗೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ. ಅಲ್ಲಿ ಪಿಎಸ್‌ಸಿ (ಸರಕಾರಿ ಕೆಲಸಕ್ಕೆ ಜನ ಆರಿಸುವ ಆಯೋಗ) ಮೂಲಕ ಬಂದವ್ರು, ಓದಿದವ್ರೇ, ಆದ್ರೆ ಕಾಸರಗೋಡಿಗೆ ಪೋಸ್ಟಿಂಗ್ ಆದ ತೆಂಕಿನವ್ರು ಟ್ರಾನ್ಸ್‌ಫರ್ ಆರ್ಡರಿಗೆ ಕಾಯ್ತಾ ಇರುವುದು ನಮ್ಮ ಜಿಲ್ಲೆಯಲ್ಲಿ ಯಾವ ಆಫೀಸಿಗೆ ಹೋದ್ರೂ ಕಾಣುವ ವಿಷಯ. ಪೋಸ್ಟು ಖಾಲಿಯಾದ್ರೆ ಗೆಸ್ಟ್, ಅಂದ್ರೆ ತಾತ್ಕಾಲಿಕ ಟೀಚರ್ ಬರ್ತಾರೆ. ಗೆಸ್ಟ್ ಅಂದ ಕೂಡ್ಲೇ ಮೂಗು ಮುರೀಬೇಡಿ, ನಾನು ನೋಡಿದ ಒಳ್ಳೆ ಟೀಚರ್‌ಗಳಲ್ಲಿ ಅರ್ಧ ಜನ ಗೆಸ್ಟ್ ಆಗಿ ಬಂದವ್ರೇ. ಆದ್ರೆ ಜೂನ್ ಜುಲೈಯಲ್ಲಿ ಕ್ಲಾಸ್ ಶುರುವಾಗುವಾಗ ಗೆಸ್ಟ್ ಬಂದಾಗಿದ್ಯಾ, ಅಥವಾ ಇಂಟರ್‌ವ್ಯೂ ಆಗಿ ಸೆಪ್ಟೆಂಬರಿಗೆ ಬರುವುದಾ? ಒಂದು ಸೆಮಿಸ್ಟರ್ ಅಂದ್ರೆ ನಾಲ್ಕು ನಾಲ್ಕೂವರೆ ತಿಂಗಳು, ಅದ್ರಲ್ಲಿ ಎರಡು ತಿಂಗಳು ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಜನವೇ ಇಲ್ದಿದ್ರೆ ಉಳಿದದ್ದನ್ನು ಓಡ್ಸಿ ಮುಗಿಸ್ತಾರೆ. ಯುಜಿಸಿ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ವಾರಕ್ಕೆ 16 ಗಂಟೆ ಪಾಠ ಮಾಡ್ಬೇಕು. ನೋಟಿಸ್ ಬೋರ್ಡಲ್ಲಿ ಹಾಕಿದ ಟೈಮ್ ಟೇಬಲಿಗೆ ಮೊಬೈಲಲ್ಲೊಂದು ಫೋಟೋ ತೆಗೀರಿ, ಹೆಸರಿನ ಶಾರ್ಟ್ ಫಾರ್ಮ್ ಎಣಿಸಿದ್ರೆ ಯಾರ ತಲೆ ಮೇಲೆ ಎಷ್ಟು ಗಂಟೆ ಉಂಟು, ಎಷ್ಟು ಕಡೆ ಹೆಸರೇ ಇಲ್ಲ ಅಂತ ಐದು ನಿಮಿಷದಲ್ಲಿ ತಿಳೀತದೆ.

ಇನ್ನು ಲ್ಯಾಬು. ಕೆಮಿಸ್ಟ್ರಿ ಡಿಗ್ರಿ ಅಂದ್ರೆ ಅರ್ಧ ಲ್ಯಾಬೇ. ಕೋರ್ಸಿನ ಭಾರ ಅಳೆಯುವುದು ಕ್ರೆಡಿಟ್ ಲೆಕ್ಕದಲ್ಲಿ, ಥಿಯರಿಯಲ್ಲಿ ಒಂದು ಕ್ರೆಡಿಟ್ ಅಂದ್ರೆ ಸೆಮಿಸ್ಟರಿಗೆ 15 ಗಂಟೆ, ಪ್ರಾಕ್ಟಿಕಲಲ್ಲಿ ಒಂದು ಕ್ರೆಡಿಟಿಗೆ 30 ಗಂಟೆ, ಕಾಗದದಲ್ಲಿ. ನಿಜಕ್ಕೂ ಆ ಮೂವತ್ತು ಗಂಟೆ ನಡೀತದಾ ಅಂತ ನೋಡ್ಬೇಕಾದ್ರೆ ಅಡ್ಮಿಶನ್ ಗಲಾಟೆಯ ದಿನ ಹೋಗ್ಬೇಡಿ, ಸಾಮಾನ್ಯ ಒಂದು ವಾರದ ದಿನ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹೋಗಿ, ಪ್ರಾಕ್ಟಿಕಲ್ ಸಾಧಾರಣ ಆಗ ಇರ್ತದೆ. ಬಾಗಿಲಲ್ಲಿ ನಿಂತು ನೋಡಿದ್ರೆ ಸಾಕು. ಒಬ್ಬೊಬ್ರ ಎದುರು ಒಂದೊಂದು ಬ್ಯೂರೆಟ್ (ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ) ಉಂಟಾ, ಅಥವಾ ಒಂದು ಬ್ಯೂರೆಟಿಗೆ ನಾಲ್ಕು ಜನ ಮುತ್ತಿಕೊಂಡು ಒಬ್ಬ ನಲ್ಲಿ ತಿರುಗಿಸುವುದು, ಮೂವರು ಬರ್ಕೊಳ್ಳುವುದಾ? ಬ್ಯಾಲೆನ್ಸ್ ಮೇಲೆ ಕವರ್ ಹೊದಿಸಿ ಧೂಳು ಹಿಡ್ದಿದ್ಯಾ? ಆಸಿಡ್ ವಾಸನೆ ಹೊರಗೆ ಹೋಗ್ಲಿಕ್ಕೆ ಫ್ಯಾನ್ ತಿರುಗ್ತಾ ಉಂಟಾ?

ಆಮೇಲೆ ಎರಡನೇ ವರ್ಷದ ಎರಡು ಮೂರು ಮಕ್ಕಳ ಹತ್ರ ಅವರ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಒಮ್ಮೆ ತೋರ್ಸಿ ಅಂತ ಕೇಳಿ. ನಿಮ್ಗೆ ಕೆಮಿಸ್ಟ್ರಿ ಬರ್ಬೇಕು ಅಂತಿಲ್ಲ, ಟೈಟ್ರೇಶನ್ (ಬಣ್ಣ ಬದಲಾಗುವ ವರೆಗೆ ದ್ರಾವಣವನ್ನು ಹನಿ ಹನಿ ಬಿಟ್ಟು ಅಳೆಯುವ ಪ್ರಯೋಗ) ಅನ್ನುವ ಪುಟ ತೆಗ್ದು ಟೇಬಲಲ್ಲಿರುವ ನಂಬ್ರ ಮಾತ್ರ ನೋಡಿ. ಕೈಯಾರೆ ಮಾಡಿದ್ರೆ ಒಬ್ಬಳಿಗೆ 18.4 ಎಂಎಲ್ ಬರ್ತದೆ, ಇನ್ನೊಬ್ಬಳಿಗೆ 18.7, ಮೂರನೆಯವಳು ಒಂದು ಹನಿ ಹೆಚ್ಚು ಬಿಟ್ಟು ಬಣ್ಣ ಗಾಢ ಆಗಿ ಆ ರೀಡಿಂಗ್ ಹೊಡ್ದು ಹಾಕಿ ಇನ್ನೊಮ್ಮೆ ಮಾಡಿರ್ತಾಳೆ. ಮೂರೂ ಪುಸ್ತಕದಲ್ಲಿ ಒಂದೇ ನಂಬ್ರ, ಒಂದೂ ಹೊಡ್ದು ಹಾಕಿದ್ದಿಲ್ಲ, ಅಕ್ಷರ ಮುತ್ತಿನ ಹಾಗೆ ಇದ್ರೆ ಅದು ಹಿಂದಿನ ಬ್ಯಾಚಿನವರ ಪುಸ್ತಕ ನೋಡಿ ಬರ್ದದ್ದು. ನಾನು ಒಮ್ಮೆ ಬೇರೆ ಕಾಲೇಜಿಗೆ ಎಕ್ಸ್‌ಟರ್ನಲ್ ಆಗಿ, ಅಂದ್ರೆ ಹೊರಗಿನ ಪರೀಕ್ಷಕನಾಗಿ ಹೋದಾಗ ಇಡೀ ಬ್ಯಾಚಿನ ರೆಕಾರ್ಡಲ್ಲೂ ಒಂದೇ ರೀಡಿಂಗ್ ಇತ್ತು, ಒಬ್ಬ ಹುಡುಗನ ಹತ್ರ ಮೆಲ್ಲ ಕೇಳಿದೆ, ಎಂಡ್ ಪಾಯಿಂಟಲ್ಲಿ ಬಣ್ಣ ಎಂತ ಆಗ್ತದೆ ಅಂತ, ಅವ ಪಾಪ ನೆಲ ನೋಡ್ಲಿಕ್ಕೆ ಶುರು ಮಾಡಿದ. ಅವನ ತಪ್ಪಲ್ಲ ಅದು. ಮಾರ್ಕು ಮಾತ್ರ ಎಲ್ಲರಿಗೂ ಭರ್ತಿ ಹಾಕ್ಬೇಕು ಅಂತ ಒತ್ತಾಯ ಇತ್ತು, ಅವತ್ತು ಅಲ್ಲಿ ಊಟ ಸೇರ್ಲಿಲ್ಲ ನಂಗೆ.

ಪಾಸಾದವರ ಶೇಕಡ ನಾನು ನಂಬುವುದು ಕಡಿಮೆ, ಅದಕ್ಕೆ ಕಾರಣ ಇದೇ. ಇನ್ನೊಂದೂ ಉಂಟು. ಕಟ್ ಆಫ್ 95 ಇಟ್ಟು ಒಳ್ಳೆ ಮಕ್ಕಳನ್ನೇ ತಗೊಂಡ ಕಾಲೇಜಲ್ಲಿ ರಿಸಲ್ಟ್ ಚಂದ ಬಂದ್ರೆ ಅದ್ರಲ್ಲಿ ಕಾಲೇಜಿನ ಪಾಲು ಎಷ್ಟು? ತೋಟಕ್ಕೆ ಮಣ್ಣೂ ನೀರೂ ಒಳ್ಳೇದಿದ್ರೆ ಕಂಗು ಯಾರು ನೆಟ್ರೂ ಬರ್ತದೆ. 60, 65 ಮಾರ್ಕಿನ ಮಕ್ಕಳನ್ನು ತಗೊಂಡು ಅವ್ರಲ್ಲಿ ವರ್ಷಕ್ಕೆ ನಾಲ್ಕೈದು ಜನವನ್ನು ಒಳ್ಳೆ ಎಂಎಸ್ಸಿಗೆ ಮುಟ್ಟಿಸುವ ಡಿಪಾರ್ಟ್‌ಮೆಂಟು ನನ್ನ ಲೆಕ್ಕದಲ್ಲಿ ದೊಡ್ಡದು. ಎಚ್‌ಒಡಿ, ಅಂದ್ರೆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರ ಹತ್ರ ಕೇಳಿ, ಕಳೆದ ಮೂರು ಬ್ಯಾಚಿನವ್ರು ಈಗ ಎಲ್ಲಿದ್ದಾರೆ, ಎಂಎಸ್ಸಿ ಪ್ರವೇಶಕ್ಕೆ ಐಐಟಿಗಳ ಜಾಮ್ ಪರೀಕ್ಷೆ, ಸಿಯುಇಟಿ ಪಿಜಿ ಬರ್ದು ಹೋದವ್ರು ಉಂಟಾ ಅಂತ. ಒಳ್ಳೆ ಎಚ್‌ಒಡಿ ಆದ್ರೆ ಅಂಥವ ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿದ್ದಾನೆ, ಅಂಥವಳು ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯಲ್ಲಿದ್ದಾಳೆ, ಇನ್ನೊಬ್ಬಳು ಬಿಎಡ್ ಮಾಡ್ತಾ ಇದ್ದಾಳೆ ಅಂತ ಹೆಸರು ಹಿಡ್ದು ಹೇಳ್ತಾರೆ. ಫೈಲ್ ಹುಡುಕ್ಲಿಕ್ಕೆ ಹೋದ್ರೆ ಸ್ವಲ್ಪ ಡೌಟು. ನಮ್ಮ ಜಿಲ್ಲೆಯಲ್ಲೇ ಸಿಪಿಸಿಆರ್‌ಐ ಉಂಟಲ್ಲ, ತೆಂಗು ಕಂಗು ಕೊಕ್ಕೋದ ಸಂಶೋಧನೆಗೆ ಅಷ್ಟು ದೊಡ್ಡ ಸಂಸ್ಥೆ, ಅಲ್ಲಿಗೆ ಮಕ್ಕಳನ್ನು ಪ್ರಾಜೆಕ್ಟಿಗೋ ಬರೀ ನೋಡ್ಲಿಕ್ಕೋ ಯಾವಾಗಾದ್ರೂ ಕರ್ಕೊಂಡು ಹೋಗಿದ್ದೀರಾ ಅಂತಲೂ ಕೇಳಿ.

ಈಗ ಮೂರಾ ನಾಲ್ಕಾ. ಕೇರಳದಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ, ಕಣ್ಣೂರು ಯೂನಿವರ್ಸಿಟಿಯೂ ಅದಕ್ಕೆ ಸೇರಿತು, ಕಾಸರಗೋಡಿನ ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜು ಎಲ್ಲ ಅದ್ರ ಕೆಳಗೇ. ಆದ್ರೆ ನಾಲ್ಕು ವರ್ಷ ಕಡ್ಡಾಯ ಅಂತ ಹೆದ್ರಬೇಡಿ. ಮೂರು ವರ್ಷದಲ್ಲಿ 133 ಕ್ರೆಡಿಟ್ ಮುಗಿಸಿದ್ರೆ ಡಿಗ್ರಿ ತಗೊಂಡು ಹೊರಗೆ ಬರ್ಬಹುದು, ನಾಲ್ಕನೇ ವರ್ಷವೂ ಇದ್ದು 177 ಆದ್ರೆ ಆನರ್ಸ್. ಕರ್ನಾಟಕದಲ್ಲಿ ಉಲ್ಟಾ, 2021ರಲ್ಲಿ ಎನ್‌ಇಪಿ (ಕೇಂದ್ರದ ಹೊಸ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷ ತಂದ್ರು, 2024ರಲ್ಲಿ ಅದನ್ನು ಬಿಟ್ಟು ವಾಪಸ್ ಮೂರಕ್ಕೆ ಬಂದ್ರು, ಡೀಮ್ಡ್ ಯೂನಿವರ್ಸಿಟಿ ಆದವರದ್ದು ಬೇರೆ ಇರ್ಬಹುದು, ಅದನ್ನು ಅವರಲ್ಲೇ ಕೇಳಿ. ಮಗಳಿಗೆ ಬಿಎಸ್ಸಿ ಆಗಿ ಬಿಎಡ್ ಮಾಡಿ ಟೀಚರ್ ಆಗ್ಬೇಕು ಅಂತಿದ್ರೆ ಮೂರು ವರ್ಷ ಸಾಕು, ನಮ್ಮ ಜಿಲ್ಲೆಯ ಕನ್ನಡ ಮೀಡಿಯಂ ಹೈಸ್ಕೂಲುಗಳಿಗೆ ಫಿಸಿಕಲ್ ಸಯನ್ಸ್ ಟೀಚರ್ ಪೋಸ್ಟು ಪಿಎಸ್‌ಸಿ ಬೇರೆಯೇ ಕರೀತದೆ, ಕನ್ನಡದಲ್ಲಿ ಓದಿ ಬಂದವಳಿಗೆ ಅದೊಂದು ದಾರಿ, ಮರೀಬೇಡಿ. ರಿಸರ್ಚ್ ಕಡೆ ಮನಸ್ಸಿದ್ರೆ ನಾಲ್ಕು ವರ್ಷದ್ದು ಉಪಯೋಗ, ಶೇಕಡ 75 ಇದ್ರೆ ಎಂಎಸ್ಸಿ ಇಲ್ದೆಯೂ ಪಿಎಚ್‌ಡಿಗೆ ಅರ್ಜಿ ಹಾಕ್ಬಹುದು ಅಂತ ಯುಜಿಸಿಯ 2022ರ ನಿಯಮದಲ್ಲುಂಟು. ಆದ್ರೆ ನಾಲ್ಕನೇ ವರ್ಷಕ್ಕೆ ಗೈಡ್ ಮಾಡುವ ಜನ, ಜಾಗ, ಉಪಕರಣ ಡಿಪಾರ್ಟ್‌ಮೆಂಟಲ್ಲಿ ಉಂಟಾ ಅನ್ನುವುದೇ ಪ್ರಶ್ನೆ. ಎಂಎಸ್ಸಿ ನಡೆಸುವ ಡಿಪಾರ್ಟ್‌ಮೆಂಟಾದ್ರೆ ಆ ಧೈರ್ಯ ಸ್ವಲ್ಪ ಇರ್ತದೆ.

ಸಿಲೆಬಸ್ ಒಳ್ಳೇದುಂಟಾ ಅಂತ ಕೇಳಿ ಟೈಮ್ ಹಾಳು ಮಾಡ್ಬೇಡಿ, ಒಂದು ಯೂನಿವರ್ಸಿಟಿಗೆ ಸೇರಿದ ಕಾಲೇಜುಗಳಿಗೆಲ್ಲ ಸಿಲೆಬಸ್ ಒಂದೇ, ಆಟೊನಮಸ್, ಅಂದ್ರೆ ಸಿಲೆಬಸ್ ತಾವೇ ಮಾಡುವ ಕಾಲೇಜಾದ್ರೆ ಮಾತ್ರ ಬೇರೆ. ವ್ಯತ್ಯಾಸ ಬರುವುದು ಎಲೆಕ್ಟಿವಲ್ಲಿ, ಅಂದ್ರೆ ಮಕ್ಕಳು ಆರಿಸಿಕೊಳ್ಳುವ ಪೇಪರಲ್ಲಿ. ಪುಸ್ತಕದಲ್ಲಿ ಹತ್ತು ಎಲೆಕ್ಟಿವ್ ಇರ್ತದೆ, ಕಾಲೇಜಲ್ಲಿ ಜನ ಇದ್ದದ್ದು ಎರಡಕ್ಕೆ. ಮದುವೆ ಊಟದ ಮೆನು ಕಾರ್ಡು ನೋಡಿ ಹೊಟ್ಟೆ ತುಂಬ್ತದಾ, ಬಾಳೆಲೆಗೆ ಎಂತ ಬಿತ್ತು ಅಂತ ನೋಡ್ಬೇಕು. ಹೋದ ವರ್ಷ ನಿಜಕ್ಕೂ ನಡೆಸಿದ ಎಲೆಕ್ಟಿವ್ ಯಾವ್ದು ಅಂತ ಸೀನಿಯರ್ ಮಕ್ಕಳು ಕರೆಕ್ಟಾಗಿ ಹೇಳ್ತಾರೆ.

ಭಾಷೆಯ ವಿಷಯ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ಆಮ್ಲ, ಪ್ರತ್ಯಾಮ್ಲ ಅಂತ ಹತ್ತರ ವರೆಗೆ ಕಲ್ತು ಪ್ಲಸ್ ಟುವಿನಲ್ಲಿ ಆಸಿಡ್, ಬೇಸ್‌ಗೆ ಹೇಗೋ ಒಗ್ಗಿಕೊಂಡವಳಿಗೆ ಡಿಗ್ರಿಯಲ್ಲಿ ಇನ್ನೊಂದು ಪೆಟ್ಟು ಬೀಳ್ತದೆ, ಪುಸ್ತಕ ಇಂಗ್ಲಿಷು, ಕಾಸರಗೋಡಲ್ಲಿ ಅರ್ಥ ಆಗ್ಲಿಲ್ಲ ಅಂದ್ರೆ ವಿವರಿಸುವುದು ಮಲಯಾಳದಲ್ಲಿ. ಅವಳಿಗೆ ಮಲಯಾಳ ಬರ್ತದಾದ್ರೆ ತೊಂದ್ರೆ ಇಲ್ಲ. ಇಲ್ಲದಿದ್ರೆ ಕ್ಲಾಸಲ್ಲಿ ಎಷ್ಟು ಕನ್ನಡದ ಮಕ್ಕಳಿದ್ದಾರೆ, ಸೆಕೆಂಡ್ ಲ್ಯಾಂಗ್ವೇಜ್ ಕನ್ನಡ ತಗೊಳ್ಲಿಕ್ಕುಂಟಾ ಅಂತ ನೋಡಿ. ಮಂಗಳೂರಲ್ಲಿ ಆ ಮಟ್ಟಿಗೆ ಸುಲಭ, ತುಳು ಕನ್ನಡ ಎರಡೂ ನಡೀತದೆ, ಇದನ್ನು ಆ ಕಾಲೇಜಿನ ಪರವಾದ ಪಾಯಿಂಟ್ ಅಂತಲೇ ಬರ್ಕೊಳ್ಳಿ.

ದೂರವನ್ನೂ ಲೆಕ್ಕಕ್ಕೆ ತಗೊಳ್ಳಿ. ಬದಿಯಡ್ಕದಿಂದ ಚೆರ್ಕಳ ಆಗಿ ಸರಕಾರಿ ಕಾಲೇಜಿರುವ ವಿದ್ಯಾನಗರಕ್ಕೆ ಒಂದು ಬಸ್ಸು. ಮಂಗಳೂರಿಗೆ ದಿನಾ ಹೋಗಿ ಬರುವುದಾದ್ರೆ ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲೇ, ಹೆದ್ದಾರಿ ಬ್ಲಾಕ್ ಆದ್ರೆ ಅದಕ್ಕಿಂತಲೂ ಹೆಚ್ಚು, ನಾಲ್ಕೂವರೆಗೆ ಲ್ಯಾಬ್ ಬಿಟ್ರೆ ಮನೆ ಮುಟ್ಟುವಾಗ ಕತ್ತಲೆ, ಆಮೇಲೆ ಓದ್ಲಿಕ್ಕೆ ಕಣ್ಣು ಬಿಡ್ಬೇಕಲ್ಲ. ಹಾಸ್ಟೆಲ್ ಅಂದ್ರೆ ಅದ್ರ ಖರ್ಚೂ ಫೀಸಿಗೆ ಸೇರ್ತದೆ. ನನ್ನ ಅಭಿಪ್ರಾಯ ಕೇಳಿದ್ರೆ, ಎರಡೂ ಕಡೆ ಟೀಚರ್, ಲ್ಯಾಬು ಹೆಚ್ಚುಕಮ್ಮಿ ಒಂದೇ ತೂಕ ಅಂತ ಕಂಡ್ರೆ ನಾನಾದ್ರೆ ಊರಿನ ಸರಕಾರಿ ಕಾಲೇಜಿಗೇ ಸೇರಿಸ್ತಿದ್ದೆ, ಉಳಿದ ದುಡ್ಡನ್ನು ಎಂಎಸ್ಸಿಗೆ ಇಡ್ತಿದ್ದೆ. ಮಂಗಳೂರಿನ ಲ್ಯಾಬು ನಿಜಕ್ಕೂ ಎದ್ದು ಕಾಣುವಷ್ಟು ಒಳ್ಳೇದಿದ್ದು ಅಲ್ಲಿ ಟೀಚರ್‌ಗಳು ನಿಂತಿದ್ದಾರೆ ಅಂತಾದ್ರೆ ಹಾಸ್ಟೆಲ್ಲಲ್ಲಿ ಬಿಟ್ಟು ಕಲಿಸುವುದೂ ತಪ್ಪಲ್ಲ. ಅವಳನ್ನು ಕರ್ಕೊಂಡೇ ಹೋಗಿ, ಸೀನಿಯರ್ ಹುಡುಗಿಯರ ಹತ್ರ ಅವಳೇ ಮಾತಾಡ್ಲಿ, ನೀವು ಕ್ಯಾಂಟೀನಲ್ಲಿ ಚಾ ಕುಡೀರಿ.

ಅಡ್ವಾನ್ಸಿನ ರೂಲ್ ಹೇಳ್ತೇನೆ ಅಂದಿದ್ದೆ. 2018ರ ಅಕ್ಟೋಬರಿನ ಯುಜಿಸಿ ನೋಟಿಫಿಕೇಶನ್ ಪ್ರಕಾರ ಅಡ್ಮಿಶನ್ನಿನ ಕೊನೆ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದ್ಲೇ ಸೀಟು ಬಿಟ್ರೆ ಕಟ್ಟಿದ ಫೀಸು ಪೂರ್ತಿ ವಾಪಸ್ ಕೊಡ್ಬೇಕು, ಪ್ರೊಸೆಸಿಂಗ್ ಅಂತ ಹೆಚ್ಚೆಂದ್ರೆ ಶೇಕಡ 5 ಹಿಡೀಬಹುದು, ಅದೂ 5000 ರೂಪಾಯಿ ದಾಟ್ಬಾರ್ದು. ಕೊನೆ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ಬಿಟ್ರೆ ಶೇಕಡ 90, ಕೊನೆ ದಿನ ಕಳೆದು 15 ದಿನದೊಳಗಾದ್ರೆ 80, ಮೂವತ್ತರೊಳಗಾದ್ರೆ 50, ಆಮೇಲೆ ಏನೂ ಇಲ್ಲ. ಒರಿಜಿನಲ್ ಸರ್ಟಿಫಿಕೇಟನ್ನು ಕಾಲೇಜಿನವ್ರು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ನೋಡಿ ಅಟೆಸ್ಟೆಡ್ ಕಾಪಿ ಇಟ್ಕೊಂಡು ಅಲ್ಲೇ ವಾಪಸ್ ಕೊಡ್ಬೇಕು. ಹಾಗಾಗಿ ಕಟ್ಟುವುದೇ ಆದ್ರೆ ರಶೀದಿ ಇಲ್ದೆ ಕಟ್ಬೇಡಿ, ಅದ್ರಲ್ಲಿ ಡೊನೇಶನ್, ಡೆವಲಪ್‌ಮೆಂಟ್ ಅಂತ ಬರ್ದಿದ್ಯಾ ಫೀಸು ಅಂತ ಬರ್ದಿದ್ಯಾ ನೋಡಿ, ಕಣ್ಣೂರು ಯೂನಿವರ್ಸಿಟಿಯವ್ರು ಸೀಟು ಹಂಚುವ ಸಿಂಗಲ್ ವಿಂಡೋ ಅಲಾಟ್‌ಮೆಂಟ್ ಬರುವ ವರೆಗೆ ಎಸ್ಸೆಸ್ಸೆಲ್ಸಿ ಪುಸ್ತಕ, ಪ್ಲಸ್ ಟು ಮಾರ್ಕ್ ಲಿಸ್ಟ್, ಟಿಸಿ ಮೂರೂ ನಿಮ್ಮ ಮನೆ ಕಪಾಟಲ್ಲೇ ಇರ್ಲಿ. ನಾಳೆ ಅವ್ರು ಫೋನ್ ಮಾಡುವಾಗ ಕೊನೆ ದಿನಾಂಕ ಯಾವಾಗ ಅಂತ ಕೇಳಿ, ಅದನ್ನು ವಾಟ್ಸಾಪಲ್ಲಿ ಬರ್ದು ಕಳ್ಸಿ ಅಂತ ಹೇಳಿ.